ಜೇಬಿನಲ್ಲಿ ಮೂರು ದೇವರು

ಜನವರಿ ೧೪

ಅಪ್ಪಾ,

ಮೊನ್ನೆ ಫೋನಿನಲ್ಲಿ ನಿನ್ನನ್ನು ಮತ್ತೆ ಕಾಯಿಸಿದೆ. ‘ಹಾಡು’ ಎಂಬ ಎರಡಕ್ಷರಕ್ಕೆ ಗಂಟಲು ಕಚ್ಚಿಕೊಂಡಿತು. ಆ ಕಡೆ ನೀನು ಕಾಯುತ್ತಿರುವುದು ಗೊತ್ತಾಗಿ ಇನ್ನಷ್ಟು ಬಿಗಿಯಿತು. ಇಟ್ಟುಬಿಟ್ಟೆ. ಕಾಗದದ ಮೇಲೆ ನಾಲಿಗೆಗೆ ಕೆಲಸವಿಲ್ಲ, ಅದಕ್ಕೇ ಇದು.

ಹೇಳಬೇಕಿದ್ದದ್ದು ಇಷ್ಟು. ನನ್ನ ಹೊಸ ರ‍್ಯಾಪ್ ಹಾಡು ಹೊರಗೆ ಬಂದಿದೆ. ಹೆಸರು ‘ಮೂರು ಬಾಗಿಲು’. ಇಲ್ಲಿಯವರೆಗೆ ನನ್ನ ಹಾಡು ಕೇಳಿದವರನ್ನೆಲ್ಲ ನೀನು ಡಿಪೋದಲ್ಲಿ ರಿಪೇರಿ ಮಾಡುವ ಬಸ್ಸುಗಳಲ್ಲಿ ಒಂದಕ್ಕೆ ಹತ್ತಿಸಿದ್ದರೆ ಇನ್ನೂ ಸೀಟು ಮಿಗುತ್ತಿತ್ತು. ಇದನ್ನು ಒಂಬತ್ತು ದಿನದಲ್ಲಿ ಎರಡು ಲಕ್ಷ ಜನ ಕೇಳಿದ್ದಾರೆ. ನಮಗೆ ಕಂಪನಿಯಿಲ್ಲ, ಸ್ಟುಡಿಯೋ ಇಲ್ಲ. ಬಟ್ಟೆಯ ಬೀರುವಿನೊಳಗೆ ಕಂಬಳಿ ಹೊದ್ದು ನಿಂತು ಹಾಡಿದ್ದು. ತಾಳ ಕೂಡಿಸಿದವನು ಮೀಟರ್. ಅವನ ವಿಷಯ ಹೇಳಿದ್ದೇನಲ್ಲ, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ರೋಲರಿನ ಆ ತುದಿಯಲ್ಲಿ ನಿಂತು ನನ್ನ ಜೊತೆ ಹಾಸಿಗೆ ಬಟ್ಟೆ ಮಡಚುವವನು. ಅವನ ಕಾಲು ಸುಮ್ಮನಿರದೆ ನೆಲ ತಟ್ಟುತ್ತಲೇ ಇರುವುದರಿಂದ ಎಲ್ಲರೂ ಹಾಗೆ ಕರೆಯುತ್ತಾರೆ.

ಹಾಡಿನಲ್ಲಿ ನಮ್ಮ ಮನೆ ಇದೆ. ನಿನ್ನ ನಮಾಜಿನ ಏರಿಳಿತ, ಅಮ್ಮ ದೀಪದ ಮುಂದೆ ಹೇಳುತ್ತಿದ್ದ ಶ್ಲೋಕದ ನಡೆ, ಪಕ್ಕದ ಮನೆಯ ಟೀಚರಮ್ಮ ಚರ್ಚಿನ ಹಾಡು ಕಲಿಸುವಾಗ ಮೇಜಿಗೆ ಬಡಿಯುತ್ತಿದ್ದ ಪೆನ್ಸಿಲ್ಲು, ಮೂರನ್ನೂ ಹೆಣೆದಿದ್ದೇನೆ. ಮಾತಿಗೆ ತಡವರಿಸುವ ಮಗು ಈ ಮೂರರಲ್ಲಿ ಯಾವುದಕ್ಕೂ ತಡವರಿಸುತ್ತಿರಲಿಲ್ಲ ಎಂದು ನೀನೇ ಕಂಡವರಿಗೆಲ್ಲ ಹೇಳುತ್ತಿದ್ದೆ. ರ‍್ಯಾಪಿನಲ್ಲೂ ಹಾಗೇ. ವೇದಿಕೆಯ ಮೇಲೆ ನನಗೆ ಒಂದಕ್ಷರವೂ ಸಿಕ್ಕಿಕೊಳ್ಳುವುದಿಲ್ಲ. ಆ ಧೈರ್ಯದಿಂದಲೇ ಶಾಲೆಯಲ್ಲಿ ಹಂಗಿಸಲು ಇಟ್ಟಿದ್ದ ‘ತೊದಲಿ’ ಎಂಬ ಹೆಸರನ್ನು ಹಾಡಿಗೆ ಹಾಕಿಕೊಂಡಿದ್ದೇನೆ.

ಜನ ಮತ್ತೆ ಮತ್ತೆ ಕೇಳುವ ಸಾಲು ಇದು:

ಅಪ್ಪನ ಸಾಲು, ಅಮ್ಮನ ಸಾಲು, ಟೀಚರಮ್ಮಂದು ಒಂದು ಪಾಲು,
ಮೂರೂ ದೇವರು ನನ್ನ ಜೇಬಲ್ಲಿ, ಚಿಲ್ಲರೆ ಬೇಕಾ? ಕೊಡ್ತೀನಿ ತಾಳು.

ನಿನ್ನೆಯಿಂದ ಯಾರೋ ಈ ಹನ್ನೊಂದು ಸೆಕೆಂಡನ್ನು ಮಾತ್ರ ಕತ್ತರಿಸಿ ಹಂಚುತ್ತಿದ್ದಾರೆ. ಅದರ ಕೆಳಗೆ ಬರೆದಿರುವುದನ್ನು ನಿನಗೆ ಬರೆಯಲಾರೆ. ಹೆಸರು ಬಂತು ಅಂದುಕೋ ಎಂದು ಮೀಟರ್ ನಗುತ್ತಾನೆ. ನಾನೂ ನಕ್ಕೆ. ಆದರೆ ಬೆಳಿಗ್ಗೆ ಕೆಲಸಕ್ಕೆ ಬರುವಾಗ ಎರಡು ಸಲ ಹಿಂತಿರುಗಿ ನೋಡಿದೆ.

ನೀನು ಕೇಳಿದೆಯಾ? ಹೇಗಿದೆ?

ನಿನ್ನ ಮಗಳು


ಜನವರಿ ೨೬

ಮಗಳೇ,

ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಡಿಪೋದಲ್ಲಿ ಮೂರು ಬಸ್ಸಿನ ಗೇರ್‌ಬಾಕ್ಸು ಒಟ್ಟಿಗೇ ಕೈಕೊಟ್ಟಿವೆ, ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ. ಟೀಚರಮ್ಮನವರ ಮಂಡಿನೋವು ಹಾಗೇ ಇದೆ. ನಿನ್ನನ್ನು ಕೇಳಿದರು.

ಹಾಡು ಕೇಳಿದೆ. ಉಚ್ಚಾರಣೆ ಸ್ಪಷ್ಟವಾಗಿದೆ.

ಭಾನುವಾರ ಇಬ್ಬರು ಮನೆಗೆ ಬಂದಿದ್ದರು. ಒಳ್ಳೆಯ ಬಟ್ಟೆ ಹಾಕಿದ್ದರು, ಮರ್ಯಾದೆಯಿಂದಲೇ ಮಾತಾಡಿದರು. ಈ ತೊದಲಿ ಎಂಬವಳು ನಿಮ್ಮ ಮಗಳೇ ಎಂದು ಕೇಳಿದರು. ಹೌದು ಅಂದೆ. ಈಗ ಎಲ್ಲಿದ್ದಾಳೆ ಎಂದರು. ಕೆಲಸದ ಮೇಲೆ ತಿರುಗಾಡುತ್ತಿರುತ್ತಾಳೆ, ನನಗೂ ಸರಿಯಾಗಿ ಗೊತ್ತಿಲ್ಲ ಎಂದೆ. ನೀರು ಕೊಟ್ಟೆ, ಕುಡಿಯಲಿಲ್ಲ. ಹೋದರು. ಅಷ್ಟೇ.

ಲಕೋಟೆಯ ಹಿಂದೆ ನಿನ್ನ ವಿಳಾಸ ಬರೆಯುವುದನ್ನು ಸ್ವಲ್ಪ ದಿನ ಬಿಡು. ನನಗೆ ಬಾಯಿಪಾಠವಿದೆ. ಕೆಲಸಕ್ಕೆ ಒಬ್ಬಳೇ ನಡೆದು ಹೋಗಬೇಡ. ಹೆದರುವಂಥದ್ದೇನೂ ಇಲ್ಲ, ಸುಮ್ಮನೆ ಹೇಳಿದೆ.

ಅಪ್ಪ


ಫೆಬ್ರವರಿ ೩

ಅಪ್ಪಾ,

ಹೆದರುವಂಥದ್ದೇನೂ ಇಲ್ಲ ಎಂದು ನೀನು ಬರೆದದ್ದನ್ನು ಓದಿದ ಮೇಲೆಯೇ ನನಗೆ ನಿಜವಾಗಿ ಹೆದರಿಕೆಯಾದದ್ದು. ನೀನು ಅಂಥ ಮಾತು ಆಡುವವನಲ್ಲ.

ಮೊನ್ನೆ ಯಾರೋ ಒಂದು ಫೋಟೋ ಕಳಿಸಿದರು. ನಮ್ಮ ಮನೆಯ ಬಾಗಿಲು. ಹೊಸ್ತಿಲ ಪಕ್ಕ ನಿನ್ನ ಚಪ್ಪಲಿ. ಕೆಳಗೆ ಒಂದೇ ಸಾಲು: ‘ಅಪ್ಪ ಮನೆಯಲ್ಲೇ ಇದ್ದಾನೆ.’ ಬೈಗುಳವಿಲ್ಲ, ಬೆದರಿಕೆಯಿಲ್ಲ. ಅದನ್ನು ಓದಿ ಹತ್ತು ನಿಮಿಷದಲ್ಲಿ ಹಾಡನ್ನು ತೆಗೆದುಹಾಕಿದೆ. ಏನೂ ಪ್ರಯೋಜನವಾಗಲಿಲ್ಲ. ಹಾಡು ಹೋಯಿತು, ಆ ಹನ್ನೊಂದು ಸೆಕೆಂಡು ಉಳಿಯಿತು. ಅದು ಈಗ ಯಾರ ಯಾರ ಫೋನಿನಲ್ಲಿದೆಯೋ.

ಲಾಂಡ್ರಿಯಲ್ಲಿ ಉಗಿಯ ಕವಾಟ ಬುಸ್ ಎಂದರೆ ಕೈಯಲ್ಲಿದ್ದ ಬಟ್ಟೆ ಬಿಡುತ್ತೇನೆ. ನಿನ್ನೆ ಕಿಟಕಿಯ ಹತ್ತಿರ ಒಬ್ಬ ಬಂದು ಯಾವುದೋ ರಸೀದಿ ಕೇಳಿದ. ನಾನು ಕೊಳೆ ಬಟ್ಟೆಯ ಗಾಡಿಗಳ ನಡುವೆ ಹೋಗಿ ಕೂತುಬಿಟ್ಟೆ. ಅವನು ಪಾಪ ಸೋಪು ಸರಬರಾಜು ಮಾಡುವವನಂತೆ. ಮೇಲ್ವಿಚಾರಕಿ ಬಂದು ಏನಾಯಿತೆಂದು ಕೇಳಿದರು. ಅವರು ನನ್ನ ಹಣೆ ಮುಟ್ಟಿ ನೋಡಿ, ಜ್ವರವಿರಬೇಕು ಎಂದು ಮನೆಗೆ ಕಳಿಸಿದರು.

ಕೋಣೆಗೆ ಬಂದು ಬಾಗಿಲಿಗೆ ಕುರ್ಚಿ ಒತ್ತಿಟ್ಟು ಬೀರುವಿನೊಳಗೆ ನಿಂತೆ. ಹಳೆಯ ಹಾಡೊಂದನ್ನು ಹೇಳಿಕೊಂಡರೆ ಎದೆ ಹಗುರಾದೀತು ಎಂದುಕೊಂಡೆ. ಮೊದಲ ಅಕ್ಷರಕ್ಕೇ ಸಿಕ್ಕಿಕೊಂಡಿತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಸಿಕ್ಕಿಕೊಂಡಿತು. ಹಾಡಿನೊಳಗೂ ಬಂದುಬಿಟ್ಟಿದೆ, ಅಪ್ಪಾ. ಅಲ್ಲಿಗೆ ಅದು ಯಾವತ್ತೂ ಕಾಲಿಟ್ಟಿರಲಿಲ್ಲ.

ನಿಜ ಹೇಳು, ಅಲ್ಲಿ ಏನು ನಡೆಯುತ್ತಿದೆ?

ನಿನ್ನ ಮಗಳು


ಫೆಬ್ರವರಿ ೧೨

ಮಗಳೇ,

ಏನೂ ನಡೆದಿಲ್ಲ. ಅಕ್ಷರ ಸೊಟ್ಟಗಿದೆ, ಪೆನ್ನು ಸರಿಯಿಲ್ಲ. ಹಾಡು ತೆಗೆದದ್ದು ಒಳ್ಳೆಯದಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಫೆಬ್ರವರಿ ೨೦

ಮಗೂ,

ನಿನ್ನ ಟೀಚರಮ್ಮ ಬರೆಯುತ್ತಿದ್ದೇನೆ. ಬರೆಯಕೂಡದೆಂದು ನಿನ್ನ ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದ. ಎಪ್ಪತ್ತನಾಲ್ಕು ವರ್ಷ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ, ಇದೊಂದನ್ನು ಮುರಿದರೆ ದೇವರು ಮನ್ನಿಸುತ್ತಾನೆ.

ಏಳನೇ ತಾರೀಖು ಬೆಳಿಗ್ಗೆ ಆರೇಳು ಜನ ಬಂದರು. ಮೊದಲು ಕೂಗಿದರು. ಆಮೇಲೆ ಕಿಟಕಿಗೆ ಕಲ್ಲು. ನಿನ್ನ ಅಪ್ಪ ಮುಖ ಮುಚ್ಚಿಕೊಳ್ಳಲು ಕೈ ಎತ್ತಿದವನು ಹಿಂದಕ್ಕೆ ಬಿದ್ದ. ಬಲಗೈ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ಅವನು ನಿನಗೆ ಬರೆದದ್ದು ಎಡಗೈಯಲ್ಲಿ. ಎಲ್ಲ ತಣ್ಣಗಾಗುವವರೆಗೆ ಮನೆಯಲ್ಲೇ ಇರಿ ಎಂದು ಡಿಪೋದವರು ಅದಕ್ಕೆ ಮೊದಲೇ ಹೇಳಿದ್ದರು. ಪೊಲೀಸರು ಬಂದು ಎಲ್ಲ ಬರೆದುಕೊಂಡರು, ಮಗಳಿಗೆ ಹುಷಾರಾಗಿರಲು ಹೇಳಿ ಎಂದು ಹೊರಟರು.

ಈಗ ಅವನು ನನ್ನ ಮನೆಯ ಮುಂದಿನ ಕೋಣೆಯಲ್ಲಿ ಮಲಗುತ್ತಾನೆ. ಹೊರಗೆ ಯಾವ ಗಾಡಿ ನಿಂತರೂ ಎದ್ದು ಹೋಗಿ ಬಾಗಿಲ ಹಿಂದೆ ನಿಲ್ಲುತ್ತಾನೆ, ಎಡಗೈಯಲ್ಲಿ ಡಿಪೋದ ದೊಡ್ಡ ಸ್ಪ್ಯಾನರ್ ಹಿಡಿದು. ನಾನು ಅವನ ಹಿಂದೆ ನನ್ನ ಕೋಲು ಹಿಡಿದು ನಿಲ್ಲುತ್ತೇನೆ. ನೋಡಿದವರು ನಗಬೇಕು, ಹಾಗಿದೆ ನಮ್ಮ ಸೈನ್ಯ. ಆದರೆ ನಮಗೆ ನಗು ಬರುತ್ತಿಲ್ಲ.

ನಿನ್ನ ಹಾಡು ಕೇಳಿದೆ. ತಾಳ ಎಲ್ಲೂ ತಪ್ಪಿಲ್ಲ. ಉಳಿದದ್ದನ್ನು ನಿನ್ನ ಅಪ್ಪನೇ ಹೇಳಬೇಕು. ಅವನು ಹೇಳುವುದಿಲ್ಲ. ನೀನು ಕೇಳು.

ನಿನಗಾಗಿ ದಿನವೂ ಪ್ರಾರ್ಥಿಸುವ,
ಟೀಚರಮ್ಮ


ಫೆಬ್ರವರಿ ೨೫

ಅಪ್ಪಾ,

ಪೆನ್ನು ಸರಿಯಿಲ್ಲ ಅಂದೆಯಲ್ಲ. ಟೀಚರಮ್ಮ ಎಲ್ಲ ಬರೆದಿದ್ದಾರೆ, ಅವರ ಮೇಲೆ ರೇಗಬೇಡ. ಬರುವ ತಿಂಗಳು ಎರಡನೇ ಶನಿವಾರ ರಜೆ ಹಾಕಿ ಬರುತ್ತೇನೆ. ಅವರಿಗೆ ಬೇಕಾಗಿರುವುದು ನಾನು. ನನ್ನನ್ನು ನೋಡಿ ಬೈದು ಹೋಗಲಿ.

ಇದನ್ನು ಬರೆಯುವಾಗಲೂ ಬಾಗಿಲಿಗೆ ಕುರ್ಚಿ ಒತ್ತಿಟ್ಟೇ ಕೂತಿದ್ದೇನೆ. ಆದರೂ ಬರುತ್ತೇನೆ.

ನಿನ್ನ ಮಗಳು


ಮಾರ್ಚ್ ೪

ಮಗಳೇ,

ಬರಬೇಡ. ಇದು ಕೋರಿಕೆಯಲ್ಲ.

ಮತ್ತೆ ಬಂದಿದ್ದರು. ಯಾವ ಕಡೆಯವರು ಎಂದು ಕೇಳಬೇಡ. ನನ್ನ ಕಡೆಯವರೂ ಬಂದರು, ನಿನ್ನ ಅಮ್ಮನ ಕಡೆಯವರೂ ಬಂದರು, ಬೇರೆ ಬೇರೆ ದಿನ. ಮೂವತ್ತು ವರ್ಷದಲ್ಲಿ ಎರಡೂ ಕಡೆಯವರು ಒಪ್ಪಿಕೊಂಡ ಸಂಗತಿ ಇದೊಂದೇ. ನೀನು ಫೋನಿನಲ್ಲಿ ಮುಖ ತೋರಿಸಿ ಕ್ಷಮೆ ಕೇಳಬೇಕಂತೆ. ಬರೆದು ಕಳಿಸಿದರೆ ಆಗದು, ಬಾಯಿಬಿಟ್ಟು ಹೇಳಬೇಕು. ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದೂ ಕೊಟ್ಟಿದ್ದಾರೆ. ಇದರ ಜೊತೆ ಇಟ್ಟಿದ್ದೇನೆ.

ನಾಲ್ಕು ಸಾಲು ಮಾತ್ರ. ಓದಿ ಕಳಿಸಿಬಿಡು. ಮಾನ ಹೋಗುವುದೇನೂ ಇಲ್ಲ. ಜೀವ ಇದ್ದರೆ ಆಮೇಲೆ ಬೇಕಾದ್ದು ಹಾಡಬಹುದು. ಟೀಚರಮ್ಮ ನಿನ್ನೆ ಬಾಗಿಲ ಹಿಂದೆ ನಿಂತಿದ್ದಾಗ ತಲೆ ಸುತ್ತಿ ಕುಸಿದರು. ಅವರಿಗಾಗಿಯಾದರೂ ಮಾಡು.

ಅಪ್ಪ


ಮಾರ್ಚ್ ೧೭

ಅಪ್ಪಾ,

ಆಗಲಿಲ್ಲ.

ಮಾಡಲೇಬೇಕೆಂದು ಕೂತೆ. ಮಾನದ ಯೋಚನೆ ನನಗೂ ಇರಲಿಲ್ಲ. ಲಾಂಡ್ರಿಯ ದಾಸ್ತಾನು ಕೋಣೆಯಲ್ಲಿ, ಊಟದ ಬಿಡುವಿನಲ್ಲಿ, ಬಿಳಿ ಬಟ್ಟೆಯ ರಾಶಿಯ ಮುಂದೆ ಸ್ಟೂಲ್ ಹಾಕಿಕೊಂಡೆ. ಮೀಟರ್ ಫೋನು ಹಿಡಿದ. ಚೀಟಿಯ ಮೊದಲ ಪದವೇ ‘ಕ್ಷಮಿಸಿ’. ಬಾಯಿ ತೆರೆದೆ, ‘ಕ್ಷ’ದಲ್ಲಿ ನಿಂತಿತು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ‘ಕ್ಷ’ ದಾಟಲಿಲ್ಲ. ಬೇರೆ ಮಾತಿನಿಂದ ಶುರುಮಾಡು ಎಂದ ಮೀಟರ್. ‘ತಪ್ಪಾಯಿತು’ ಎಂದು ಶುರುಮಾಡಿದೆ. ‘ತ’ದಲ್ಲಿ ನಿಂತಿತು. ಟೀಚರಮ್ಮ ಹೇಳಿಕೊಟ್ಟಂತೆ ಮೇಜು ತಟ್ಟಿಕೊಂಡು ಹೇಳಿ ನೋಡಿದೆ, ಅದೂ ಕೈಕೊಟ್ಟಿತು. ಮೂವತ್ತೆಂಟು ನಿಮಿಷ, ಅಪ್ಪಾ. ಮೀಟರ್ ಮುಖ ಆ ಕಡೆ ತಿರುಗಿಸಿಕೊಂಡೇ ಫೋನು ಹಿಡಿದಿದ್ದ.

ಇದನ್ನು ಹಾಗೇ ಕಳಿಸಿದರೆ ನಾಟಕವಾಡುತ್ತಿದ್ದಾಳೆ ಎನ್ನುತ್ತಾರೆ. ಹಾಡುವಾಗ ಸರಾಗ, ಕ್ಷಮೆ ಕೇಳುವಾಗ ತೊದಲು, ಯಾರು ನಂಬುತ್ತಾರೆ? ಕಳಿಸದಿದ್ದರೆ ನಿಮ್ಮಿಬ್ಬರಿಗೆ ಏನಾಗುತ್ತದೋ.

ತಿಂಗಳು ಮುಗಿಯಲು ಎರಡು ವಾರ ಇದೆ. ರಸ್ತೆಯಲ್ಲಿ ಯಾರಾದರೂ ಫೋನು ಎತ್ತಿ ಹಿಡಿದರೂ ನನ್ನನ್ನೇ ತೆಗೆಯುತ್ತಿದ್ದಾರೆ ಅನಿಸುತ್ತದೆ. ಏನು ಮಾಡಲಿ? ಮತ್ತೆ, ನನ್ನ ಹಾಡಿನ ಬಗ್ಗೆ ನೀನು ಹೇಳದೆ ಉಳಿಸಿಕೊಂಡಿರುವುದೇನು? ಕೇಳು ಎಂದು ಟೀಚರಮ್ಮ ಹೇಳಿದ್ದಾರೆ. ಕೇಳುತ್ತಿದ್ದೇನೆ.

ನಿನ್ನ ಮಗಳು


ಮಾರ್ಚ್ ೩೧

ಮಗಳೇ,

ಎಡಗೈಯಲ್ಲಿ ದಿನಕ್ಕೆ ಒಂದಿಷ್ಟರಂತೆ ಐದು ದಿನ ಬರೆದಿದ್ದೇನೆ. ನಿಧಾನವಾಗಿ ಓದು.

ಹಾಡು ಕೇಳಿದ ದಿನ ನಾನು ಒಲೆ ಆರಿಸಿ ಮತ್ತೆರಡು ಸಲ ಕೇಳಿದೆ. ಹಾಡಿನಲ್ಲಿ ನಮ್ಮ ಮನೆ ಇದೆ ಎಂದು ನೀನು ಬರೆದಿದ್ದೆ. ನಾನು ಹುಡುಕಿದೆ, ಸಿಗಲಿಲ್ಲ. ಮೂರು ಬಾಗಿಲೂ ಹಗಲಿಡೀ ತೆರೆದೇ ಇದ್ದ, ಯಾರು ಬೇಕಾದರೂ ನಗುತ್ತ ಬಂದು ಹೋಗುವ ಒಂದು ಮನೆ ಅದರಲ್ಲಿತ್ತು. ಅಂಥ ಮನೆಯಲ್ಲಿ ನಾವು ಒಂದು ದಿನವೂ ಇರಲಿಲ್ಲ. ನಿನ್ನ ಮುಂದೆ ಇದ್ದಂತೆ ನಟಿಸಿದೆವು, ಆ ತಪ್ಪು ನಮ್ಮದು.

ನಾನೂ ನಿನ್ನ ಅಮ್ಮನೂ ಮದುವೆಯಾದ ಮೇಲೆ ಐದು ಬಾಡಿಗೆ ಮನೆ ಬದಲಿಸಿದೆವು. ಅಪ್ಪನ ಕೆಲಸಕ್ಕೆ ಹತ್ತಿರವಾಗಲಿ ಎಂದು ನಿನಗೆ ಹೇಳುತ್ತಿದ್ದೆವು. ಡಿಪೋ ಇದ್ದಲ್ಲೇ ಇತ್ತು. ಪ್ರತಿ ಮನೆಯಲ್ಲೂ ಮೊದಲು ನೋಡುತ್ತಿದ್ದದ್ದು ಬಾಗಿಲಿನ ಚಿಲಕ. ಅವಳು ಕಿಟಕಿ ಮುಚ್ಚಿ ದೀಪ ಹಚ್ಚುತ್ತಿದ್ದಳು. ನಾನು ಐದು ಮನೆಗಳಲ್ಲೂ ಪಿಸುಮಾತಿನಲ್ಲೇ ನಮಾಜು ಮಾಡಿದೆ. ಅದು ಚಿಲ್ಲರೆಯಲ್ಲ, ಮಗಳೇ. ಬೀದಿಯವರು ಏನಾದರೂ ಅಂದುಕೊಳ್ಳಲಿ, ನೀನು ಅದನ್ನು ಜೇಬಿನಿಂದ ತೆಗೆದು ಎಸೆದ ರೀತಿಗೆ ನನಗೆ ನೋವಾಯಿತು. ಅವಳು ಬದುಕಿದ್ದರೆ ಅವಳಿಗೂ ಆಗುತ್ತಿತ್ತು.

ಇನ್ನೊಂದು ಹೇಳಬೇಕು. ಇಪ್ಪತ್ತೆರಡು ವರ್ಷದಿಂದ ಹೇಳಿಲ್ಲ.

ಆಗ ನಿನಗೆ ನಾಲ್ಕು ವರ್ಷ. ನಾವು ಮಹಡಿಯ ಮೇಲಿನ ಕೋಣೆಯಲ್ಲಿದ್ದೆವು. ನೀನು ಹೊರಗಿನ ಜಗಲಿಯಲ್ಲಿ ಚಾಪೆ ಹಾಸಿ ನನ್ನಂತೆ ಮಂಡಿಯೂರಿ, ಅಮ್ಮನ ಶ್ಲೋಕವನ್ನು ಗಟ್ಟಿಯಾಗಿ ಹಾಡಿದೆಯಂತೆ. ಮನೆಯೊಡೆಯನ ಕಡೆಯವರು ನೋಡಿದರು. ಸಂಜೆ ಐದಾರು ಜನ ಬಂದು ಬಾಗಿಲು ಬಡಿದರು. ಮಗುವನ್ನು ಯಾವ ಧರ್ಮದಲ್ಲಿ ಬೆಳೆಸುತ್ತೀರಿ, ಒಂದು ತೀರ್ಮಾನ ಹೇಳಿ ಎಂದು. ನಾವು ತೆಗೆಯಲಿಲ್ಲ. ಮೂವರೂ ಮೇಜಿನ ಕೆಳಗೆ ಕೂತೆವು. ಬಾಗಿಲ ಸಂದಿಯಲ್ಲಿ ಅವರ ಕಾಲು ಕಾಣುತ್ತಿತ್ತು. ನಿನಗೆ ಅದೊಂದು ಆಟ ಅನಿಸಿತೋ ಏನೋ, ಹಾಡಲು ಬಾಯಿ ತೆರೆದೆ. ಅಮ್ಮ ಅಂಗೈಯಿಂದ ನಿನ್ನ ಬಾಯಿ ಮುಚ್ಚಿದಳು. ನೀನು ಕೊಸರಿಕೊಂಡೆ. ಅವಳ ಕೈ ಸಾಲದೆಂದು ನಾನು ಅದರ ಮೇಲೆ ನನ್ನ ಕೈ ಇಟ್ಟೆ. ಅವರು ಮೆಟ್ಟಿಲಿಳಿದು ಹೋಗುವವರೆಗೆ ತೆಗೆಯಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ನೀನು ನೀರು ಕೇಳಿದೆ. ‘ನೀ’ಯಲ್ಲಿ ನಿಂತೆ.

ಹೀಗೆ ಹೆದರಿಕೆಯಿಂದ ತೊದಲು ಬರುವುದಿಲ್ಲ, ಆ ವಯಸ್ಸಿನಲ್ಲಿ ಎಷ್ಟೋ ಮಕ್ಕಳಿಗೆ ತಾನಾಗಿ ಶುರುವಾಗುತ್ತದೆ ಎಂದು ಡಾಕ್ಟರು ಹೇಳಿದರು. ಅವರ ಮಾತು ಸರಿಯೇ ಇರಬೇಕು. ನಿನ್ನ ಅಮ್ಮ ಮಾತ್ರ ಕೊನೆಯವರೆಗೂ ನಂಬಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ನೋವಾ ಎಂದು ನೀನು ಕೇಳಿದ್ದೆ. ಅವಳು ಇಲ್ಲ ಎಂದಿದ್ದಳು.

ಆ ಚೀಟಿ ಹರಿದುಹಾಕು. ಓದು ಎಂದು ನಿನಗೆ ಬರೆದದ್ದು ನಾನಲ್ಲ, ನನ್ನ ಭಯ. ಎರಡನೇ ಸಲ ನಿನ್ನ ಬಾಯಿಗೆ ಕೈ ಅಡ್ಡ ಇಟ್ಟೆ. ಅವರು ಬಂದರೆ ಬರಲಿ.

ಬರಲಿ ಎಂದು ಬರೆದೆ, ಈಗ ಹೊರಗೆ ಯಾವುದೋ ಗಾಡಿ ನಿಂತಿತು. ಎದ್ದು ಹೋಗಿ ನೋಡಿ ಬಂದೆ. ಹಾಲಿನವನು.

ಅಪ್ಪ


ಏಪ್ರಿಲ್ ೨೦

ಅಪ್ಪಾ,

ನಿನ್ನ ಕಾಗದ ಓದಿ ಎರಡು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದುಬಿಟ್ಟೆ.

ಮೊದಲು ಇದು. ನನ್ನನ್ನು ಕ್ಷಮಿಸು. ಟೀಚರಮ್ಮನವರಲ್ಲೂ ಕ್ಷಮೆ ಕೇಳಿದೆನೆಂದು ಹೇಳು. ಚೀಟಿ ಬರೆದವರ ಎದುರು ಹೊರಡದ ಮಾತು ನಿಮ್ಮಿಬ್ಬರಿಗೆ ಸಲೀಸಾಗಿ ಬರೆಯಲು ಬರುತ್ತಿದೆ. ಆ ಚಿಲ್ಲರೆಯ ಸಾಲು ಜಾಣತನದ ಸಾಲು. ಕೈಚಪ್ಪಾಳೆ ಬೀಳುತ್ತದೆ ಎಂದು ಗೊತ್ತಿದ್ದೇ ಬರೆದದ್ದು. ಶುರುವಿನಲ್ಲಿ ನಾನು ಕಣ್ಣಾರೆ ಕಾಣದ ಬಂದೂಕು, ಹತ್ತದ ಕಾರುಗಳ ಬಗ್ಗೆ ಹಾಡುತ್ತಿದ್ದೆ, ನೀನು ಕೇಳಿ ನಕ್ಕಿದ್ದೆ. ಆಮೇಲೆ ನಾಲಿಗೆಯ ವೇಗವನ್ನೇ ಕಲೆ ಎಂದುಕೊಂಡೆ. ಆಮೇಲೆ ನಿಮ್ಮ ಪ್ರಾರ್ಥನೆಗಳನ್ನು ಒಡವೆಯಂತೆ ಹಾಕಿಕೊಂಡು ಮೆರೆದೆ. ಸಿಕ್ಕಿಕೊಳ್ಳುವ ಹುಡುಗಿ ಯಾವ ಹಾಡಿನಲ್ಲೂ ಇಲ್ಲ. ತೊದಲಿ ಎಂದು ಹೆಸರಿಟ್ಟುಕೊಂಡು ಒಂದು ಸಲವೂ ತೊದಲಲಿಲ್ಲ.

ಮೇಜಿನ ಕೆಳಗೆ ಕೂತದ್ದು ನನಗೆ ನೆನಪಿಲ್ಲ. ನೆನಪು ಮಾಡಿಕೊಳ್ಳಲು ಮಾಡಿದ ಪ್ರಯತ್ನವೇ ಈಗ ಹಾಡಾಗುತ್ತಿದೆ. ಎರಡು ವಾರದಲ್ಲಿ ಎಂಟು ಸಾಲು. ಮೊದಲೆಲ್ಲ ಒಂದು ಸಂಜೆಗೆ ನಲವತ್ತು ಬರೆಯುತ್ತಿದ್ದೆ. ಹೆಸರು ‘ಚಿಲಕ’:

ಚಿ… ಚಿ… ಚಿಲಕ ಹಾಕು, ದನಿ ತಗ್ಗಿಸು,
ಅಮ್ಮನ ಅಂಗೈ, ಬಾಯಿಗೆ ಒಗ್ಗಿಸು.
ಬಾಗಿಲ ಕೆಳಗೆ ಎಷ್ಟು ಕಾಲು? ಎಣಿಸು,
ಎಣಿಸೋದು ಕಲಿತೆ, ಮಾತು ಮರೆತೆ, ಕ್ಷ… ಕ್ಷ… ಕ್ಷಮಿಸು.

ಆ ಕೊನೆಯ ‘ಕ್ಷ’ ನಾನು ಹೇಳುವುದಲ್ಲ. ದಾಸ್ತಾನು ಕೋಣೆಯಲ್ಲಿ ತೆಗೆದ ಮೂವತ್ತೆಂಟು ನಿಮಿಷ ಮೀಟರ್ ಅಳಿಸಿರಲಿಲ್ಲ. ಇಟ್ಟುಕೊಂಡಿದ್ದೀನಿ, ಬೇಡ ಅಂದ್ರೆ ಈಗಲೇ ಅಳಿಸ್ತೀನಿ ಎಂದ. ಕೇಳಿದೆ. ಅರ್ಧಕ್ಕೇ ನಿಲ್ಲಿಸಿ ಫೋನನ್ನು ಅವನ ಕೈಗೆ ವಾಪಸು ಕೊಟ್ಟೆ. ಮರುದಿನ ಮತ್ತೆ ಕೇಳಿದೆ. ಮೂರನೇ ದಿನ, ಅದರಲ್ಲಿ ಸ್ವಲ್ಪ ಹಾಡಿಗೆ ಸೇರಿಸು ಎಂದೆ.

ಮೇ ಹದಿನಾಲ್ಕರಂದು ಸಂಜೆ ನಾಲ್ಕಕ್ಕೆ ಒಂದು ಹಳೆಯ ಗೋದಾಮಿನಲ್ಲಿ ಸಣ್ಣ ಕಾರ್ಯಕ್ರಮ. ಎಂಬತ್ತು ಕುರ್ಚಿ. ಪಟ್ಟಿಯಿಂದ ನಿನ್ನ ಹೆಸರು ಕೈಬಿಡಲೇ ಎಂದು ಅದನ್ನು ನಡೆಸುವಾಕೆ ಕೇಳಿದರು. ಬೇಡ ಎಂದೆ, ಆಮೇಲೆ ರಾತ್ರಿಯಿಡೀ ಯಾಕೆ ಹಾಗೆಂದೆ ಎಂದು ಹೊರಳಾಡಿದೆ. ಯಾರಾದರೂ ಬಂದೇ ಬರುತ್ತಾರೆ. ನೀನು ಬರಬೇಡ. ಇದೂ ಕೋರಿಕೆಯಲ್ಲ.

ಗಡುವು ಮುಗಿದು ಇಪ್ಪತ್ತು ದಿನವಾಯಿತು. ಅಲ್ಲಿ ಏನಾಯಿತೆಂದು ನೀನು ಬರೆದೇ ಇಲ್ಲ.

ನಿನ್ನ ಮಗಳು


ಮೇ ೩

ಮಗಳೇ,

ಪ್ಲಾಸ್ಟರ್ ತೆಗೆದರು. ಇದು ಬಲಗೈ. ನಮ್ಮ ಮನೆಗೆ ವಾಪಸು ಬಂದಿದ್ದೇನೆ. ಟೀಚರಮ್ಮ ಚೇತರಿಸಿಕೊಂಡಿದ್ದಾರೆ, ಸ್ಪ್ಯಾನರನ್ನು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ.

ಹೋದ ವಾರ ನಾಲ್ವರು ಬಂದರು. ವಿಡಿಯೋ ಎಲ್ಲಿ ಎಂದರು. ನನ್ನ ಮಗಳು ಪ್ರಯತ್ನಪಟ್ಟಳು, ಮಾತು ಹೊರಡಲಿಲ್ಲ ಎಂದೆ. ಒಬ್ಬ ನಿನ್ನಂತೆ ತೊದಲಿ ತೋರಿಸಿದ. ಉಳಿದವರು ನಕ್ಕರು. ಆಗ ನಾನು ಹೇಳಿದೆ: "ಅವಳಿಗೆ ನಾಲ್ಕು ವರ್ಷ ಇದ್ದಾಗ ನಿಮ್ಮಂಗೇ ಒಂದಷ್ಟು ಜನ ಬಂದು ಬಾಗಿಲು ಬಡಿದ್ರು. ನಾವೇ ಅವಳ ಬಾಯಿ ಮುಚ್ಚಿದ್ವಿ. ಇನ್ನೊಂದ್ಸಲ ಮುಚ್ಚಲ್ಲ. ಏನ್ ಮಾಡ್ತೀರೋ ನಂಗೇ ಮಾಡಿ."

ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡ. ಗೋಡೆ ಹಿಡಿದುಕೊಂಡೇ ನಿಂತಿದ್ದೆ. ಅವರಲ್ಲಿ ವಯಸ್ಸಾದವನೊಬ್ಬ ಗೋಡೆ ಹಿಡಿದಿದ್ದ ನನ್ನ ಕೈ ನೋಡಿದ. ಆಮೇಲೆ ನಡೀರಿ ಎಂದ. ಹೋದರು. ಮುಗಿಯಿತೆಂದು ಹೋದರೋ, ಮತ್ತೆ ಬರಲು ಹೋದರೋ, ನನಗೆ ಗೊತ್ತಿಲ್ಲ.

ಹದಿನಾಲ್ಕರಂದು ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಬರಬೇಡ ಎಂದು ಬರೆಯಲು ಹೋಗಬೇಡ, ಆ ಕಾಗದ ತಲುಪುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ.

ಅಪ್ಪ


ಮೇ ೨೧

ಅಪ್ಪಾ,

ನೀನು ಕ್ಷೇಮವಾಗಿ ತಲುಪಿದ್ದನ್ನು ಟೀಚರಮ್ಮ ತಿಳಿಸಿದರು. ಡಿಪೋದವರು ಸೋಮವಾರದಿಂದ ಬಾ ಎಂದರಂತೆ. ಇಲ್ಲಿಯದನ್ನು ನಾನು ಹೇಳಿಬಿಡುತ್ತೇನೆ. ಆ ದಿನ ನಾವು ಅದರ ಬಗ್ಗೆ ಏನೂ ಮಾತಾಡಲಿಲ್ಲ.

ಪರದೆಯ ಸಂದಿಯಿಂದ ನಿನ್ನನ್ನು ನೋಡಿದೆ. ಎರಡನೇ ಸಾಲಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಹಿಂದಿನ ಗೋಡೆಗೆ ಒರಗಿ ಇಬ್ಬರು ನಿಂತಿದ್ದರು. ಖಾಲಿ ಕುರ್ಚಿಗಳಿದ್ದರೂ ಕೂರದವರು, ನಾನು ಬರುವ ಮೊದಲೇ ಫೋನು ಎತ್ತಿ ಹಿಡಿದವರು. ನೀನೂ ಅವರನ್ನು ನೋಡಿದ್ದೆ. ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

‘ಚಿ’ಯಲ್ಲಿ ನಿಲ್ಲುವುದೆಂದು ಮೊದಲೇ ಲೆಕ್ಕ ಹಾಕಿದ್ದೆ. ಅದನ್ನು ಚೆನ್ನಾಗಿಯೇ ದಾಟಿದೆ. ನಿಜವಾದದ್ದು ಬಂದದ್ದು ಮುಂದಿನ ಸಾಲಿನಲ್ಲಿ, ‘ಅಮ್ಮನ’ ಎನ್ನುವಲ್ಲಿ. ಅಲ್ಲಿ ನಿಲ್ಲಬೇಕೆಂದು ಯಾರೂ ಬರೆದಿರಲಿಲ್ಲ. ‘ಅ’ ಸಿಕ್ಕಿಕೊಂಡಿತು. ಬಾಯಿ ತೆರೆದೇ ಇತ್ತು. ಮೀಟರ್ ತಾಳ ನಿಲ್ಲಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನಾಲ್ಕು ಸುತ್ತು ಹೋಯಿತು, ಎಂಟು ಹೋಯಿತು. ಹಿಂದೆ ಯಾರೋ ನಕ್ಕರು. ಓಡಿಬಿಡೋಣ ಅನಿಸಿತು. ಓಡಿದರೆ ಹಿಂದಿನ ಬಾಗಿಲು ಎಷ್ಟು ಹೆಜ್ಜೆ ಎಂದು ಯೋಚಿಸಿದ್ದು ನಿಜ. ಆಮೇಲೆ ಅದು ಬಂತು. ಹೇಗೆ ಬಂತು ಎಂದು ಕೇಳಿದರೆ ಗೊತ್ತಿಲ್ಲ. ‘ಅಮ್ಮನ’ ಎಂದೆ, ಮುಂದೆ ಹೋದೆ. ಮತ್ತೆ ಮೂರು ಕಡೆ ನಿಂತೆ. ಮುಗಿಸಿದೆ. ಇದುವರೆಗಿನ ನನ್ನ ಎಲ್ಲ ಹಾಡುಗಳಿಗಿಂತ ಇದನ್ನು ಕೆಟ್ಟದಾಗಿ ಹಾಡಿದ್ದೇನೆ, ಆದರೆ ಇದರ ಒಂದು ಸಾಲನ್ನೂ ಬದಲಿಸಲಾರೆ.

ಆ ಇಬ್ಬರು ಮಧ್ಯದಲ್ಲೇ ಹೊರಟುಹೋದರು. ಮೊನ್ನೆ ಅವರ ವಿಡಿಯೋ ಬಂತು, ನಾನು ‘ಅ’ದಲ್ಲಿ ನಿಂತದ್ದಷ್ಟೇ. ಕೆಳಗೆ ಬೇಕಾದಷ್ಟು ಹೊಲಸು. ಅದರ ನಡುವೆ ಯಾರೋ ಒಬ್ಬಾಕೆ ಬರೆದಿದ್ದಾರೆ, ತನ್ನ ಮಗನಿಗೂ ಹೀಗೇ, ಅವನು ಇದನ್ನು ಏಳು ಸಲ ನೋಡಿದ ಎಂದು. ಇದು ಇಲ್ಲಿಗೇ ನಿಲ್ಲುತ್ತದೋ ಇಲ್ಲವೋ ಹೇಳಲಾರೆ. ಬಾಗಿಲಿಗೆ ಕುರ್ಚಿ ಇಡುವುದನ್ನು ಇನ್ನೂ ಬಿಟ್ಟಿಲ್ಲ.

ನಾನು ಬರೆಯಬೇಕೆಂದಿದ್ದದ್ದು ಆಮೇಲಿನದು. ಇಬ್ಬರೂ ಗೋದಾಮಿನಿಂದ ಬಸ್ ನಿಲ್ದಾಣಕ್ಕೆ ನಡೆಯುತ್ತಿದ್ದೆವು. ಇನ್ನೂ ಬಿಸಿಲಿತ್ತು. ನೀನು ದಾರಿಯುದ್ದಕ್ಕೂ ಆ ರಸ್ತೆಯಲ್ಲಿ ಓಡಾಡುವ ಬಸ್ಸುಗಳ ಎಂಜಿನ್ನಿನ ಕುಂದುಕೊರತೆ ಹೇಳುತ್ತಿದ್ದೆ. ನಮ್ಮ ಹಿಂದೆ ಯಾರೋ ನಡೆದು ಬರುತ್ತಿದ್ದರು. ನಾವು ನಿಧಾನಿಸಿದರೆ ಆ ಹೆಜ್ಜೆಯೂ ನಿಧಾನ, ನಾವು ಬೇಗ ನಡೆದರೆ ಅದೂ ಬೇಗ. ನಿನ್ನ ಮಾತು ನಿಂತಿತು. ಹಿಂತಿರುಗಿ ನೋಡಲು ಇಬ್ಬರಿಗೂ ಆಗಲಿಲ್ಲ. ನೀನು ಚೀಲವನ್ನು ಆ ಕೈಗೆ ಬದಲಿಸಿ, ಈ ಕೈಯಲ್ಲಿ ನನ್ನ ತೋಳು ಹಿಡಿದೆ. ಮುಂದೆ ನೋಡಿಕೊಂಡೇ ನೀನು ಕೇಳಿದೆ.

"ಭಯ ಆಗ್ತಿದೆಯಾ?"

"ಹ್ಞೂ," ಎಂದೆ ನಾನು.

"ನಂಗೂ," ಎಂದೆ ನೀನು.

ಇಪ್ಪತ್ತಾರು ವರ್ಷದಲ್ಲಿ ನೀನು ಬಾಯಿಬಿಟ್ಟು ಇದನ್ನು ಹೇಳಿದ್ದು ಅದೇ ಮೊದಲು. ಆ ಹೆಜ್ಜೆಯವನು ಔಷಧಿ ಅಂಗಡಿಯ ಹತ್ತಿರ ಪಕ್ಕದ ರಸ್ತೆಗೆ ತಿರುಗಿ ಹೋದ. ಅವನು ಯಾರೋ, ಬಹುಶಃ ಯಾರೂ ಅಲ್ಲ. ಅವನು ಹೋದ ಮೇಲೂ ನಾವು ಕೈ ಬಿಡಲಿಲ್ಲ. ನಿಲ್ದಾಣದವರೆಗೂ ಹಾಗೇ ನಡೆದೆವು.

ನಿನ್ನ ಮಗಳು,
ತೊದಲಿ